ಪಂಪು ಕೆಟ್ಟ ದಿನ ಯಾರನ್ನು ಕರೆಯಬೇಕು?

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಹಳ್ಳಿಗಳಲ್ಲಿ ಕೋಟ್ಯಂತರ ಜನ ಇವತ್ತಿಗೂ ಕುಡಿಯುವ ನೀರಿಗೆ ಕೈಪಂಪನ್ನೇ ನಂಬಿದ್ದಾರೆ. ಆ ಪಂಪುಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂದು ಹಳ್ಳಿ ನೀರಿನ ತಜ್ಞರ ಜಾಲವಾದ ರೂರಲ್ ವಾಟರ್ ಸಪ್ಲೈ ನೆಟ್‌ವರ್ಕ್ 2009ರಲ್ಲಿ ಲೆಕ್ಕ ಹಾಕಿತು. ಸುಮಾರು ಶೇ 36ರಷ್ಟು ಕೆಟ್ಟು ನಿಂತಿದ್ದವು. ಆಮೇಲಿನ ಅಂದಾಜುಗಳು ಸ್ವಲ್ಪ ವಾಸಿ. ಆದರೂ ನಾಲ್ಕರಲ್ಲಿ ಒಂದು ಪಂಪು, ಯಾವತ್ತು ಹೋಗಿ ನೋಡಿದರೂ, ಹಿಡಿಕೆ ಒತ್ತಿದರೆ ನೀರು ಕೊಡುವುದಿಲ್ಲ.

ಇವೆಲ್ಲವೂ ಹಾಕಿದ ದಿನ ಚೆನ್ನಾಗಿಯೇ ನೀರು ಕೊಟ್ಟಿದ್ದವು. ಉದ್ಘಾಟನೆ ಆಯಿತು, ಫೋಟೊ ತೆಗೆದರು, ವರದಿಯಲ್ಲಿ 'ಫಲಾನುಭವಿಗಳು ಇಷ್ಟು' ಎಂದು ಬರೆದರು, ಯೋಜನೆ ಮುಗಿಯಿತು. ಎರಡನೇ ವರ್ಷ, ಮೂರನೇ ವರ್ಷ ಏನಾಯಿತು ಅನ್ನೋದು ಯಾರ ಲೆಕ್ಕದಲ್ಲೂ ಇಲ್ಲ. ಬಡ ದೇಶಗಳ ನೀರು ಮತ್ತು ಶೌಚಾಲಯದ ಸಮಸ್ಯೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ. ಒಳ್ಳೆಯ ತಂತ್ರಜ್ಞಾನಕ್ಕೆ ಕೊರತೆ ಇಲ್ಲ. ಅದನ್ನು ಒಂದು ಊರಿಗೆ ತರುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಕೇಳಿದರೂ, ಉತ್ತರ ಸರಿಯಿಲ್ಲದಿದ್ದಾಗ 'ಬೇಡ' ಎನ್ನುವ ಅಧಿಕಾರ ಅವರಿಗೆ ಇರುವುದು ಇನ್ನೂ ಕಡಿಮೆ.

ಒಂದು ವಾಷರ್‌ನ ಕಥೆ ನೋಡೋಣ. ಪ್ರಪಂಚದಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಕೈಪಂಪುಗಳಲ್ಲಿ ಇಂಡಿಯಾ ಮಾರ್ಕ್ 2 ಒಂದು. 1970ರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮಾದರಿ ಇಟ್ಟುಕೊಂಡು, ಯುನಿಸೆಫ್ ಮತ್ತು ಭಾರತದ ಎಂಜಿನಿಯರುಗಳು ಸೇರಿ ರೂಪಿಸಿದ್ದು. ಗಟ್ಟಿಮುಟ್ಟಾದ ಪಂಪು, ಅದರಲ್ಲಿ ಎರಡು ಮಾತಿಲ್ಲ. ನೀರು ಎತ್ತುವ ಸಿಲಿಂಡರ್ ನೆಲದೊಳಗೆ ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನಲವತ್ತು ಮೀಟರ್ ಆಳದಲ್ಲಿ ಇರುತ್ತದೆ. ಅದರೊಳಗೆ ಪಿಸ್ಟನ್. ಪಿಸ್ಟನ್‌ಗೆ ಬಟ್ಟಲಿನ ಆಕಾರದ ವಾಷರ್. ಮೊದಲು ಚರ್ಮದ್ದಿತ್ತು, ಆಮೇಲೆ ನೈಟ್ರೈಲ್ ರಬ್ಬರಿನದು ಬಂತು. ದಿನಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುವ ಈ ವಾಷರ್ ಸವೆಯುತ್ತದೆ. ಸವೆದಂತೆ ಕೊಡ ತುಂಬಲು ಹೊತ್ತು ಹಿಡಿಯುತ್ತದೆ. ಕೊನೆಗೊಂದು ದಿನ ಹಿಡಿಕೆ ಆಡುತ್ತದೆ, ನೀರು ಬರುವುದಿಲ್ಲ.

ವಾಷರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಅಲ್ಪ. ಆದರೆ ಅದನ್ನು ಬದಲಿಸಲು ಆಳದಲ್ಲಿರುವ ಸಿಲಿಂಡರನ್ನು ಪೂರ್ತಿ ಮೇಲಕ್ಕೆ ತರಬೇಕು. ಮೂರು ಮೂರು ಮೀಟರಿನ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಎತ್ತಬೇಕು, ಕ್ಲಾಂಪ್ ಹಾಕಿ ಹಿಡಿಯಬೇಕು, ಬಿಚ್ಚಬೇಕು, ಪಕ್ಕಕ್ಕಿಡಬೇಕು. ನಲವತ್ತು ಮೀಟರ್ ಆಳವಿದ್ದರೆ ಹದಿಮೂರು ಪೈಪು, ಜೊತೆಗೆ ಒಳಗಿನ ಸರಳುಗಳು. ಎಲ್ಲ ಸೇರಿದರೆ ನೂರು ಕಿಲೋ ದಾಟುವ ಭಾರ. ಒಂದು ಪೈಪು ಕೈ ಜಾರಿತೋ, ಎಲ್ಲವೂ ಬಾವಿಯ ತಳ ಸೇರುತ್ತದೆ. ಪಳಗಿದ ನಾಲ್ಕೈದು ಜನ ಬೇಕು, ಅದಕ್ಕೆಂದೇ ಮಾಡಿದ ಸಲಕರಣೆ ಬೇಕು, ಅದನ್ನು ಸಾಗಿಸಲು ಗಾಡಿ ಬೇಕು. ಪುಟ್ಟ ವಾಷರ್ ಸವೆದದ್ದಕ್ಕೆ ಇಡೀ ಊರು ತಿಂಗಳುಗಟ್ಟಲೆ ಹಳೆಯ ಕೆರೆಗೋ ಹಳ್ಳಕ್ಕೋ ಹೋಗುವುದು ಹೀಗೆ.

ಈ ಕಷ್ಟ ಕಂಡೇ 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿ ದೊಡ್ಡ ಪ್ರಯೋಗ ನಡೆಸಿದವು. ಹಳ್ಳಿಯವರೇ ರಿಪೇರಿ ಮಾಡಿಕೊಳ್ಳುವಂತಹ ಪಂಪು ಬೇಕು ಎಂಬುದು ಅವರ ಗುರಿ. ಅಫ್ರಿದೇವ್, ಇಂಡಿಯಾ ಮಾರ್ಕ್ 3 ಬಂದದ್ದು ಆ ಹಾದಿಯಲ್ಲಿ. ಇವುಗಳಲ್ಲಿ ಪೈಪು ಮುಟ್ಟದೆ ಪಿಸ್ಟನ್ ಒಂದನ್ನೇ ಮೇಲೆ ಎಳೆದುಕೊಳ್ಳಬಹುದು. ನಿಜಕ್ಕೂ ಒಳ್ಳೆಯ ಸುಧಾರಣೆ. ಆದರೆ ಹೊಸ ವಾಷರ್ ಸಿಗಬೇಕಲ್ಲ? ಒಂದು ಜಿಲ್ಲೆಯಲ್ಲಿ ಕೆಲವು ನೂರು ಪಂಪು ಇವೆ ಅಂದುಕೊಳ್ಳಿ. ಒಂದೊಂದಕ್ಕೆ ವರ್ಷಕ್ಕೆ ಒಂದೋ ಎರಡೋ ವಾಷರ್. ಅಷ್ಟು ವ್ಯಾಪಾರ ನಂಬಿಕೊಂಡು ಯಾವ ಅಂಗಡಿಯವನು ಬಿಡಿಭಾಗ ತರಿಸಿಟ್ಟುಕೊಳ್ಳುತ್ತಾನೆ? ಊರಿನವರಿಗೆ ತರಬೇತಿ ಕೊಟ್ಟಿರುತ್ತಾರೆ, ಸಮಿತಿ ಮಾಡಿರುತ್ತಾರೆ, ಸ್ಪ್ಯಾನರ್‌ಗಳ ಪೆಟ್ಟಿಗೆಯನ್ನೂ ಕೊಟ್ಟಿರುತ್ತಾರೆ. ಪಂಪು ಮೊದಲ ಸಲ ಕೈಕೊಡುವುದು ಒಂದೆರಡು ವರ್ಷದ ಮೇಲೆ. ಅಷ್ಟರಲ್ಲಿ ತರಬೇತಿ ಪಡೆದವನು ಕೆಲಸ ಹುಡುಕಿ ಪಟ್ಟಣ ಸೇರಿರುತ್ತಾನೆ. ಕೂಡಿಟ್ಟ ಹಣ ಯಾರದೋ ಆಸ್ಪತ್ರೆ ಖರ್ಚಿಗೆ ಹೋಗಿರುತ್ತದೆ. ಅದು ತಪ್ಪು ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ಮೊದಲೇ ಏನೇನು ನೋಡಬೇಕು? ಇದಕ್ಕೊಂದು ಗಂಭೀರ ಪ್ರಯತ್ನ 2011ರಿಂದ 2013ರವರೆಗೆ ಘಾನಾ, ಬುರ್ಕಿನಾ ಫಾಸೊ ಮತ್ತು ಉಗಾಂಡದಲ್ಲಿ ನಡೆಯಿತು. ಐರೋಪ್ಯ ಒಕ್ಕೂಟದ ಹಣ. ನೆದರ್ಲೆಂಡ್ಸ್‌ನ ಐಆರ್‌ಸಿ ಎಂಬ ನೀರು-ನೈರ್ಮಲ್ಯ ಸಂಸ್ಥೆಯ ನೇತೃತ್ವ. ಯೋಜನೆಯ ಹೆಸರು ವಾಶ್‌ಟೆಕ್. ಅದರಲ್ಲಿ ಹುಟ್ಟಿದ ಅಳತೆಗೋಲು 'ಟೆಕ್ನಾಲಜಿ ಅಪ್ಲಿಕಬಿಲಿಟಿ ಫ್ರೇಮ್‌ವರ್ಕ್'. ಹೆಸರು ಬಾಯಿಗೆ ಭಾರ, ಒಳಗಿರುವ ವಿಚಾರ ಸರಳ. ಯಾವುದೇ ತಂತ್ರಜ್ಞಾನವನ್ನು ಆರು ಕಡೆಯಿಂದ ನೋಡಿ: ಜನಜೀವನ, ದುಡ್ಡು, ಪರಿಸರ, ಕಾನೂನು ಮತ್ತು ಆಡಳಿತ, ಕೆಲಸಗಾರರ ಕೌಶಲ, ಮತ್ತು ತಂತ್ರಜ್ಞಾನದ್ದೇ ಗುಣ. ಈ ಆರನ್ನೂ ಮೂವರ ಜಾಗದಲ್ಲಿ ನಿಂತು ನೋಡಿ. ಒಬ್ಬರು ಬಳಸುವವರು. ಇನ್ನೊಬ್ಬರು ತಯಾರಿಸಿ ಮಾರುವವರು, ರಿಪೇರಿ ಮಾಡುವವರು. ಮೂರನೆಯವರು ನಿಯಮ ಮಾಡುವ, ಹಣ ಹಾಕುವ, ಉಸ್ತುವಾರಿ ನೋಡುವ ಸರ್ಕಾರ ಮತ್ತು ಸಂಸ್ಥೆಗಳು. ಒಟ್ಟು ಹದಿನೆಂಟು ಚೌಕ. ಒಂದೊಂದಕ್ಕೂ ಹಸಿರು, ಹಳದಿ ಅಥವಾ ಕೆಂಪು ಬಣ್ಣ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಏನೆಂದರೆ, ಹದಿನೆಂಟನ್ನೂ ಕೂಡಿಸಿ 'ನೂರಕ್ಕೆ ಎಪ್ಪತ್ತೆರಡು, ಪಾಸ್' ಎನ್ನುವುದಿಲ್ಲ. ಹದಿನೈದು ಚೌಕ ಹಸಿರಿದ್ದು ಬಿಡಿಭಾಗದ ಚೌಕ ಒಂದೇ ಕೆಂಪಿದ್ದರೂ ಆ ಕೆಂಪು ಎದ್ದು ಕಾಣುತ್ತದೆ. ಮತ್ತೆ, ಬಣ್ಣ ಹಾಕುವುದು ಯಾರೋ ಒಬ್ಬ ಪರಿಣಿತ ತನ್ನ ಕಚೇರಿಯಲ್ಲಿ ಕೂತು ಅಲ್ಲ. ಆ ತಂತ್ರಜ್ಞಾನ ಈಗಾಗಲೇ ಬಳಕೆಯಲ್ಲಿರುವ ಜಾಗಕ್ಕೆ ಹೋಗಿ, ಬಳಸುವವರನ್ನು ಮಾತಾಡಿಸಿ, ಮೆಕ್ಯಾನಿಕ್‌ನನ್ನು ಮಾತಾಡಿಸಿ, ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಹಾಕಬೇಕು. ಉಗಾಂಡದಲ್ಲಿ ಮೂತ್ರ ಬೇರ್ಪಡಿಸುವ ಒಣ ಶೌಚಾಲಯದಿಂದ ಹಿಡಿದು, ಕಾಲಿನಿಂದ ಒತ್ತಿ ಕೈ ತೊಳೆಯುವ ಪುಟ್ಟ ಕ್ಯಾನಿನವರೆಗೆ ಹೀಗೆ ಪರೀಕ್ಷೆಗೆ ಒಳಗಾದವು.

ಇಷ್ಟೆಲ್ಲ ಯಾಕೆ, ಒಳ್ಳೆಯ ಎಂಜಿನಿಯರ್ ಸುಮ್ನೆ ನೋಡಿ ಹೇಳಬಹುದಲ್ಲ ಅನಿಸಬಹುದು. ಪ್ಲೇಪಂಪಿನ ಉದಾಹರಣೆ ತಗೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಸಾಧನ. ಮಕ್ಕಳು ತಿರುಗುವ ಚಕ್ರದ ಮೇಲೆ ಕೂತು ಆಡಿದರೆ ಕೊಳವೆಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಸುತ್ತ ಜಾಹೀರಾತು ಫಲಕ. ಆ ಜಾಹೀರಾತಿನ ಹಣದಲ್ಲಿ ನಿರ್ವಹಣೆ. ಕೇಳಿದರೆ ಯಾರಿಗಾದರೂ ಖುಷಿಯಾಗುತ್ತೆ ಅಲ್ವಾ? 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ಪ್ರತಿಷ್ಠಾನಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದವು. 2010ರೊಳಗೆ 4,000 ಪಂಪು ಹಾಕುವ ಗುರಿ. ಒಂದೊಂದರ ಬೆಲೆ ಸುಮಾರು 14,000 ಡಾಲರ್. ಮಾಮೂಲಿ ಕೈಪಂಪಿನ ನಾಲ್ಕು ಪಟ್ಟು.

ಹಳ್ಳಿಗೆ ಬಂದ ಮೇಲೆ ಏನಾಯಿತು? ಮಕ್ಕಳು ಶಾಲೆಯಲ್ಲಿದ್ದಾಗ, ಬೆಳಗಿನ ಜಾವ, ಮಳೆಯಲ್ಲಿ ಚಕ್ರ ತಿರುಗಿಸಿದ್ದು ಹೆಂಗಸರು, ವಯಸ್ಸಾದವರೂ ಸೇರಿ. ನಿಂತು ಒತ್ತುವ ಹಿಡಿಕೆಯ ಬದಲು ಬಗ್ಗಿ ತಳ್ಳುವ ಚಕ್ರ. ಎಷ್ಟೋ ಕಡೆ ಸರಿಯಿದ್ದ ಕೈಪಂಪನ್ನು ಕಿತ್ತು ಆ ಜಾಗದಲ್ಲೇ ಇದನ್ನು ಹಾಕಿದ್ದರು. ದೂರದ ಹಳ್ಳಿಯಲ್ಲಿ ಜಾಹೀರಾತು ಕೊಡುವವರು ಯಾರು? ಫಲಕಗಳು ಖಾಲಿ ಉಳಿದವು. ಕೆಟ್ಟರೆ ಊರಿನವರ ಕೈಯಲ್ಲಿ ರಿಪೇರಿ ಆಗುವಂತಿರಲಿಲ್ಲ. ಒಂದು ಪಂಪು 2,500 ಜನರಿಗೆ ನೀರು ಕೊಡುತ್ತದೆ ಎಂದು ಹೇಳಿದ್ದರು. ಅದಕ್ಕೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ಕೂಡುವುದು ಕಳೆಯುವುದು ಗೊತ್ತಿದ್ದ ಯಾರಾದರೂ ಮೊದಲೇ ಮಾಡಬಹುದಾಗಿದ್ದ ಲೆಕ್ಕ ಅದು. ಹದಿನೆಂಟು ಚೌಕಗಳಲ್ಲಿ 'ಬಳಸುವವರು' ಎಂಬ ಸಾಲನ್ನು ಮಾತ್ರ ತುಂಬಿದ್ದರೂ ಸಾಕಿತ್ತು. ಹಣ ಘೋಷಿಸಿದ ಮೇಲೆ ಯುನಿಸೆಫ್ ಮತ್ತು ಸ್ವಿಟ್ಜರ್ಲೆಂಡಿನ ಸ್ಕಾಟ್ ಎಂಬ ಸಲಹಾ ಸಂಸ್ಥೆಯವರು ಹೋಗಿ ನೋಡಿ ಕೊಟ್ಟ ವರದಿಗಳಲ್ಲಿ ಸಮಸ್ಯೆಗಳೆಲ್ಲ ಇದ್ದವು. ಆದರೆ ಆಗಲೇ ಗಾಡಿ ಹೊರಟುಬಿಟ್ಟಿತ್ತು.

ಬಳಸುವವರನ್ನು ಕೇಳಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಬಾಂಗ್ಲಾದೇಶದ ಕೊಳವೆಬಾವಿಗಳನ್ನು ಜನ ಮನಸಾರೆ ಒಪ್ಪಿಕೊಂಡಿದ್ದರು. ಅಗ್ಗ, ಮನೆಯ ಅಂಗಳದಲ್ಲೇ ನೀರು, ಕೆರೆಯ ನೀರಿನಿಂದ ಬರುತ್ತಿದ್ದ ಬೇನೆಗಳಿಂದ ಮುಕ್ತಿ. 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಶುರುಮಾಡಿದ ಕೆಲಸವನ್ನು ಜನರೇ ತಮ್ಮ ದುಡ್ಡಿನಲ್ಲಿ ಮುಂದುವರಿಸಿದರು. ತಂತ್ರಜ್ಞಾನ ತಾನಾಗಿ ಹರಡುವುದು ಅಂದರೆ ಹೀಗೆ. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಪತ್ತೆಯಾಯಿತು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಬಳಸುವವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನೋಡಬೇಕಾಗಿದ್ದುದು ಮೂರನೆಯ ಸಾಲಿನವರು, ಅಂದರೆ ನಿಯಮ ಮಾಡುವವರು. ಆ ಕಾಲದ ನೀರಿನ ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಆಮೇಲೆ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿ ಹಸಿರು, ಕೆಂಪು ಬಣ್ಣ ಬಳಿದರು. ಸುಮಾರು 14 ಲಕ್ಷಕ್ಕೆ ಕೆಂಪು ಬಿತ್ತು.

ಮುಂದೆ ಆದದ್ದನ್ನೂ ಗಮನಿಸಬೇಕು. ಆರ್ಸೆನಿಕ್ ತೆಗೆಯುವ ಮನೆ ಫಿಲ್ಟರುಗಳು, ಕೆರೆ ನೀರಿನ ಮರಳು ಸೋಸುಕಗಳು, ಮಳೆನೀರಿನ ಟ್ಯಾಂಕುಗಳು ಬಂದವು. ಆದರೆ ಜಾಸ್ತಿ ಜನರನ್ನು ಕಾಪಾಡಿದ್ದು ಎರಡು ಸರಳ ದಾರಿಗಳು. ಒಂದು, ಪಕ್ಕದ ಮನೆಯ ಹಸಿರು ಬಣ್ಣದ ಬಾವಿಗೆ ಹೋಗುವುದು. ಇನ್ನೊಂದು, ಇನ್ನೂ ಆಳಕ್ಕೆ ಕೊರೆಯುವುದು. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ನೀರಿಗೆ ಹೋಗುವುದು ತಂತ್ರಜ್ಞಾನದ ಪಟ್ಟಿಯಲ್ಲೇ ಬರುವುದಿಲ್ಲ. ಆದರೂ ಮೌಲ್ಯಮಾಪನ ಮಾಡುವವರು ಅಂತಹ ಆಯ್ಕೆಯನ್ನೂ ಹೊಸ ಯಂತ್ರದ ಪಕ್ಕದಲ್ಲಿಟ್ಟು ತೂಗಬೇಕು.

ಗೊತ್ತಿದ್ದೂ ಮಾಡುವ ತಪ್ಪು ಇನ್ನೊಂದು ಬಗೆಯದು. ಸತುವಿನ ಲೇಪದ ಕಬ್ಬಿಣದ ಪೈಪು ಹುಳಿ ಗುಣದ ನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಪಿಎಚ್ (ಹುಳಿ ಗುಣದ ಅಳತೆ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 6.5ಕ್ಕಿಂತ ಕಡಿಮೆ ಇರುವ ಕಡೆ ಇದನ್ನು ಹಾಕಬಾರದು ಎಂದು 1980ರ ದಶಕದ ಪಶ್ಚಿಮ ಆಫ್ರಿಕಾದ ಪರೀಕ್ಷೆಗಳೇ ಹೇಳಿದ್ದವು. ತುಕ್ಕು ಹಿಡಿದರೆ ಬೆಳಿಗ್ಗೆ ಮೊದಲ ಕೊಡದ ನೀರು ಕೆಂಪಗೆ ಬರುತ್ತದೆ. ಬಟ್ಟೆಗೆ ಕಲೆ, ಬಾಯಿಗೆ ಕಬ್ಬಿಣದ ಒಗರು. ಪಂಪು 'ಕೆಲಸ ಮಾಡುತ್ತಿದೆ' ಎಂಬ ಪಟ್ಟಿಯಲ್ಲೇ ಇರುತ್ತದೆ, ಜನ ಮಾತ್ರ ಹಳ್ಳದ ನೀರಿಗೆ ವಾಪಸ್ ಹೋಗಿರುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಪೈಪು ಹಾಕಿದರೆ ಇದು ತಪ್ಪುತ್ತದೆ. ಟೆಂಡರಿನಲ್ಲಿ ಕಡಿಮೆ ಬೆಲೆಗೆ ಕೆಲಸ ಕೊಡುವ ಪದ್ಧತಿ ಇರುವವರೆಗೆ ಅಗ್ಗದ ಪೈಪು ಬರುತ್ತಲೇ ಇರುತ್ತದೆ. ಇಲ್ಲಿ ಬೇಕಾಗಿರುವುದು ಹೊಸ ಸಂಶೋಧನೆ ಅಲ್ಲ, ಕೊಳ್ಳುವಾಗ ಪೈಪಿನ ಗುಣಮಟ್ಟ ನೋಡುವ ಒಬ್ಬ ಅಧಿಕಾರಿ.

ಶೌಚಾಲಯಕ್ಕೆ ಬಂದರೆ ಕಥೆ ಇನ್ನೂ ಸಿಕ್ಕಲು. ದಕ್ಷಿಣ ಆಫ್ರಿಕಾದ ಡರ್ಬನ್ ನಗರವನ್ನು ಒಳಗೊಂಡ ಎಥೆಕ್ವಿನಿ ಪಾಲಿಕೆ, 2000–01ರ ಕಾಲರಾ ಹಾವಳಿಯ ನಂತರ ದೊಡ್ಡ ನಿರ್ಧಾರ ಮಾಡಿತು. ಒಳಚರಂಡಿ ಎಳೆಯಲಾಗದ ಹೊರವಲಯದಲ್ಲಿ ಮೂತ್ರ ಬೇರ್ಪಡಿಸುವ ಒಣ ಶೌಚಾಲಯಗಳನ್ನು ಕಟ್ಟಿಸಿತು. ಮುಂದಿನ ವರ್ಷಗಳಲ್ಲಿ ಅವು 75 ಸಾವಿರ ದಾಟಿದವು. ನೀರು ಬೇಡ. ಎರಡು ಕೋಣೆ. ಒಂದು ತುಂಬಿದಾಗ ಮುಚ್ಚಿಟ್ಟು ಇನ್ನೊಂದನ್ನು ಬಳಸಬೇಕು. ಮುಚ್ಚಿದ್ದು ಒಣಗಿದ ಮೇಲೆ ಮನೆಯವರೇ ಗುದ್ದಲಿ ಹಿಡಿದು ತೆಗೆದು ಹೂಳಬೇಕು. ನಾನು ಓದಿದ ಮಟ್ಟಿಗೆ, ಇಷ್ಟು ಅಚ್ಚುಕಟ್ಟಾಗಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಮಾಡಿದ ಪಾಲಿಕೆಗಳು ತೀರಾ ಕಡಿಮೆ. ಅದರ ನೀರು ಮತ್ತು ನೈರ್ಮಲ್ಯ ವಿಭಾಗಕ್ಕೆ 2014ರಲ್ಲಿ ಸ್ಟಾಕ್‌ಹೋಮ್ ಉದ್ಯಮ ಜಲ ಪ್ರಶಸ್ತಿಯೂ ಬಂತು.

ಆದರೆ 17 ಸಾವಿರಕ್ಕೂ ಹೆಚ್ಚು ಮನೆಗಳ ಸಮೀಕ್ಷೆ ನಡೆದಾಗ ತೃಪ್ತಿ ಕಡಿಮೆ ಇರುವುದು ಕಂಡುಬಂತು. ವಾಸನೆಯ ದೂರು ಇತ್ತು, ಪೀಠ ಕೆಟ್ಟ ಕಡೆ ಇನ್ನೂ ಜಾಸ್ತಿ. ದೊಡ್ಡ ಬೇಸರ ಬೇರೆಯೇ ಇತ್ತು. ಹತ್ತಿರದ ಬಡಾವಣೆಯವರಿಗೆ ನೀರು ಹಾಕುವ ಶೌಚಾಲಯ, ನಮಗೆ ಮಾತ್ರ ನಮ್ಮ ಮಲ ನಾವೇ ತೆಗೆಯುವ ಶೌಚಾಲಯ ಯಾಕೆ? ವರ್ಣಭೇದದ ಆಡಳಿತ ಮುಗಿದ ಮೇಲೂ ಬಂದ ಈ ಪ್ರಶ್ನೆಗೆ ಎಂಜಿನಿಯರಿಂಗ್‌ನಲ್ಲಿ ಉತ್ತರ ಇಲ್ಲ. ಜನರಿಗೆ 'ತಿಳಿವಳಿಕೆ ಕಡಿಮೆ' ಎಂದು ಬರೆದು ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ಮುಂದೆ ಪಾಲಿಕೆಯೇ ಖಾಲಿ ಮಾಡಿಸುವ ಕೆಲಸ ಕೈಗೆ ತೆಗೆದುಕೊಂಡಿತು. ಶೌಚಾಲಯ ಅದೇ, ಅದರ ಹಿಂದಿನ ಸೇವೆ ಬದಲಾಯಿತು. ಗುಂಡಿ ತುಂಬಿದ ದಿನ ಯಾರು ಬರುತ್ತಾರೆ, ತೆಗೆದದ್ದನ್ನು ಎಲ್ಲಿಗೆ ಒಯ್ಯುತ್ತಾರೆ, ಅದರ ಖರ್ಚು ಯಾರದು. ಶೌಚಾಲಯದ ಮೌಲ್ಯಮಾಪನದಲ್ಲಿ ಕಟ್ಟಡಕ್ಕಿಂತ ಮೊದಲು ಇದನ್ನು ಬರೆಯಬೇಕು.

ಮೌಲ್ಯಮಾಪನ ಒಂದು ಕೆಲಸವಾದರೆ ಪರಿಚಯಿಸುವುದು ಇನ್ನೊಂದೇ ಕೆಲಸ. ಹಗ್ಗದ ಪಂಪು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಚಕ್ರ, ಒಂದು ಹಗ್ಗ, ಹಗ್ಗಕ್ಕೆ ಪೋಣಿಸಿದ ಬಿಲ್ಲೆಗಳು, ಒಂದು ಪಿವಿಸಿ ಪೈಪು. ಹಗ್ಗ ತುಂಡಾದರೆ ಬಳಸುವವರೇ ಬದಲಿಸಬಹುದು. ನಿಕಾರಾಗುವದಲ್ಲಿ ಇದು ಹಬ್ಬಿದ್ದು ಒಂದೆರಡು ವರ್ಷದಲ್ಲಲ್ಲ. 1980ರ ದಶಕದಿಂದ ಚಿಕ್ಕ ಕಾರ್ಯಾಗಾರಗಳು ತಯಾರಿಸುತ್ತಾ, ರೈತರು ಕೊಂಡು ಬಳಸುತ್ತಾ, ದೋಷ ಕಂಡಲ್ಲಿ ತಿದ್ದುತ್ತಾ ಬಂದರು. 1996ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಮಾನದಂಡದ ಪಂಪು ಎಂದು ಒಪ್ಪಿತು. ಅದೇ ಪಂಪನ್ನು ಘಾನಾಗೆ ಒಯ್ದಾಗ ಕಾರ್ಯಾಗಾರದವರಿಗೆ ತರಬೇತಿ ಸಿಕ್ಕಿತು, ಕೊಳ್ಳುವವರು ಸಿಗಲಿಲ್ಲ. ಅಲ್ಲಿ ಸರ್ಕಾರ ಒಪ್ಪಿದ ಪಂಪುಗಳ ಪಟ್ಟಿಯಲ್ಲಿ ನಾಲ್ಕೇ ಮಾದರಿ ಇದ್ದವು, ಮತ್ತು ಪಂಪು ಕೊಳ್ಳುತ್ತಿದ್ದುದು ಹೆಚ್ಚಾಗಿ ಯೋಜನೆಗಳೇ. ಆ ಪಟ್ಟಿಯನ್ನು ಬೈಯುವುದು ಸುಲಭ, ಆದರೆ ಅದಕ್ಕೂ ಕಾರಣವಿದೆ. ಮಾದರಿ ಕಡಿಮೆ ಇದ್ದರೆ ಬಿಡಿಭಾಗ ಸಿಗುತ್ತದೆ, ಮೆಕ್ಯಾನಿಕ್ ಕಲಿಯುವುದು ಸುಲಭ. ಪ್ರತಿ ಸಂಸ್ಥೆಯೂ ತನ್ನ ದೇಶದ ಪಂಪು ತಂದು ಹಾಕಿದ ಕಾಲದ ಗೊಂದಲ ಕಂಡೇ ಆ ನಿಯಮ ಬಂದದ್ದು. ಹೊಸದಕ್ಕೆ ಬಾಗಿಲು ಯಾವಾಗ, ಎಷ್ಟು ತೆರೆಯಬೇಕು ಎಂಬುದನ್ನು ಸರ್ಕಾರವೇ ಕೂತು ತೀರ್ಮಾನಿಸಬೇಕು. ಬೇರೆಯವರು ಒಳದಾರಿಯಲ್ಲಿ ಪಂಪು ತಂದು ಹಾಕಿದರೆ ಅದು ಅನಾಥವಾಗುತ್ತದೆ.

ವಾಶ್‌ಟೆಕ್‌ನವರು ಇದಕ್ಕಾಗಿಯೇ ಇನ್ನೊಂದು ಮಾರ್ಗದರ್ಶಿ ಬರೆದರು. ಪ್ರಯೋಗದ ಹಂತದಲ್ಲಿ, ಹರಡುವ ಹಂತದಲ್ಲಿ, ಜನ ತಾವಾಗಿ ಬಳಸುವ ಹಂತದಲ್ಲಿ ಯಾರ ಕೆಲಸ ಏನು, ಯಾರ ಖರ್ಚು ಎಷ್ಟು ಎಂದು ಅದು ಕೇಳುತ್ತದೆ. ಪರಿಚಯಿಸುವುದಕ್ಕೇ ಒಂದು ವೆಚ್ಚ ಇದೆ: ತರಬೇತಿ, ಪ್ರಚಾರ, ಮೊದಲ ವರ್ಷಗಳ ನಷ್ಟ, ತಿರುಗಿ ಹೋಗಿ ನೋಡುವುದು. ಪಂಪಿನ ಬೆಲೆಯ ಪಕ್ಕದಲ್ಲಿ ಈ ಅಂಕಿ ಬರೆದ ಯೋಜನಾ ವರದಿ ಅಪರೂಪ. ಎರಡು ಮೂರು ವರ್ಷದ ಯೋಜನೆಯಲ್ಲಿ ಅದಕ್ಕೆ ಜಾಗವೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2025ರ ವರದಿ ಪ್ರಕಾರ 210 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರಿಲ್ಲ. 340 ಕೋಟಿ ಜನರಿಗೆ ಅಂತಹ ಶೌಚ ವ್ಯವಸ್ಥೆ ಇಲ್ಲ. ಎಲ್ಲರಿಗೂ ಇವನ್ನು ತಲುಪಿಸುವ ವಿಶ್ವಸಂಸ್ಥೆಯ ಗುರಿಯ ವರ್ಷ 2030. ಇಷ್ಟು ಒತ್ತಡದಲ್ಲಿ 'ಎಷ್ಟು ಹಾಕಿದಿರಿ' ಎಂಬ ಪ್ರಶ್ನೆಯೇ ಗೆಲ್ಲುತ್ತದೆ.

ಇದನ್ನು ತಿರುಗಿಸಿ ನೋಡಿದ ಒಂದು ಕೆಲಸ ಕೆನ್ಯಾದಲ್ಲಿ ನಡೆದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೈಪಂಪಿನ ಹಿಡಿಕೆಯೊಳಗೆ ಸಣ್ಣ ಸಾಧನ ಇಟ್ಟರು. ಹಿಡಿಕೆ ಆಡಿದ ಲೆಕ್ಕ ಮೊಬೈಲ್ ಸಂದೇಶವಾಗಿ ಬರುತ್ತಿತ್ತು. ಆಡುವುದು ನಿಂತರೆ ಮೆಕ್ಯಾನಿಕ್ ಹೊರಡುತ್ತಿದ್ದ. ರಿಪೇರಿಗೆ ಮೊದಲು ಸುಮಾರು ಒಂದು ತಿಂಗಳು ಹಿಡಿಯುತ್ತಿದ್ದುದು ಮೂರು ದಿನದೊಳಕ್ಕೆ ಇಳಿಯಿತು. ಇದರಿಂದ ಹುಟ್ಟಿದ ಫಂಡಿಫಿಕ್ಸ್ ಎಂಬ ಸಂಸ್ಥೆ ಕಿಟುಯಿ ಮತ್ತು ಕ್ವಾಲೆ ಪ್ರದೇಶಗಳಲ್ಲಿ ಊರಿನವರ ಜೊತೆ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುತ್ತದೆ. ಪಂಪುಗಳು ಹಳೆಯವೇ. ಆದರೆ ಕೆಟ್ಟ ದಿನ ಯಾರನ್ನು ಕರೆಯಬೇಕು ಎಂಬುದು ಊರಿನವರಿಗೆ ಗೊತ್ತಿದೆ. ಆ ಪುಟ್ಟ ಸಾಧನದಷ್ಟೇ ಇದೂ ದೊಡ್ಡ ವಿಷಯ ಅನ್ನೋದು ನನ್ನ ಅಭಿಪ್ರಾಯ.

ಹಳ್ಳಿಯವರು ಕೊಡುವ ಶುಲ್ಕದಲ್ಲಿ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಬೇರೆ ನೀರು ಸಿಗುವುದರಿಂದ ವಸೂಲಿ ಇನ್ನೂ ಇಳಿಯುತ್ತದೆ. ಉಳಿದದ್ದನ್ನು ತುಂಬಲು ಈಗ ಒಂದು ದಾರಿ ಕಾಣುತ್ತಿದೆ. ಅಪ್‌ಟೈಮ್ ಎಂಬ ಒಕ್ಕೂಟ ನಿರ್ವಹಣೆ ಮಾಡುವ ಸಂಸ್ಥೆಗಳಿಗೆ, ನೀರು ನಿಲ್ಲದೆ ಬಂದದ್ದನ್ನು ಅಳೆದು ಹಣ ಕೊಡುತ್ತದೆ. ಹಾಕಿದ ಪಂಪಿಗಲ್ಲ, ನಡೆಯುತ್ತಿರುವ ಪಂಪಿಗೆ. ಸದ್ಯಕ್ಕೆ ಇದರಲ್ಲಿ ದಾನಿಗಳ ಪಾಲು ದೊಡ್ಡದು. ಸರ್ಕಾರಗಳು ಪ್ರತಿವರ್ಷದ ಬಜೆಟ್ಟಿನಲ್ಲಿ ಹಳ್ಳಿ ಪಂಪುಗಳ ನಿರ್ವಹಣೆಗೆಂದೇ ಒಂದು ಸಾಲು ಬರೆದು, ಅದಕ್ಕೆ ಹಣ ಇಟ್ಟು, ಇದೇ ರೀತಿ ಅಳೆದು ಕೊಡಬೇಕು. ಹೊಸ ಕೊಳವೆಬಾವಿಯ ಟೆಂಡರಿಗೆ ಸಹಿ ಹಾಕುವ ಕಡತದಲ್ಲೇ ಆ ಸಾಲಿನ ಅಂಕಿಯೂ ಇರಬೇಕು. ಅಂಕಿ ಇಲ್ಲದ ಕಡತವನ್ನು ವಾಪಸ್ ಕಳಿಸುವ ಅಧಿಕಾರ ಜಿಲ್ಲೆಯ ನೀರಿನ ಅಧಿಕಾರಿಗೆ ಸಿಗಬೇಕು.